ಸಮುಚ್ಚಯದ ತೋಟ ಸೊರಗುತ್ತಿದೆಯೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಗಿಡ ಹಳದಿ ತಿರುಗಿತು ಅಂದ ಕೂಡಲೇ ತೋಟದಲ್ಲಿ ಏಳುವ ಪ್ರಶ್ನೆ ಒಂದೇ. "ಏನು ಹಾಕೋಣ?" ಒಬ್ಬರು ಗೊಬ್ಬರ ತರುತ್ತಾರೆ. ಇನ್ನೊಬ್ಬರು ಬೇವಿನೆಣ್ಣೆ ಸಿಂಪಡಿಸುತ್ತಾರೆ. ಮತ್ತೊಬ್ಬರು ಪಾಪ ಅಂತ ಎರಡು ಬಕೆಟ್ ನೀರು ಜಾಸ್ತಿ ಸುರಿಯುತ್ತಾರೆ. ಮೂರೂ ಒಂದೇ ವಾರದಲ್ಲಿ ಬಿದ್ದ ಮೇಲೆ ಯಾವುದರಿಂದ ಏನಾಯಿತು ಎಂದು ಹೇಳುವವರು ಯಾರೂ ಇರುವುದಿಲ್ಲ.

ಕಡಿಮೆ ಬಾಡಿಗೆಯ ವಸತಿ ಸಮುಚ್ಚಯಗಳಲ್ಲಿ ಈ ಅವಸರ ಬಹಳ ದುಬಾರಿ. ಅಲ್ಲಿ ತೋಟಕ್ಕೆ ಸಿಗುವುದು ಸಾಮಾನ್ಯವಾಗಿ ಕಟ್ಟಡ ಕಟ್ಟಿ ಉಳಿದ ಜಾಗ. ಹಿಂದಿನ ಗೋಡೆಯ ಪಕ್ಕ, ಎರಡು ಬ್ಲಾಕ್‌ಗಳ ನಡುವೆ, ಪಾರ್ಕಿಂಗ್ ಅಂಚಿನಲ್ಲಿ. ಜನ ಗೊಬ್ಬರಕ್ಕೆ ತಮ್ಮ ಜೇಬಿನಿಂದ ಹಣ ಹಾಕಿರುತ್ತಾರೆ. ದುಡಿದು ಬಂದು ಸಂಜೆ ಅರ್ಧ ಗಂಟೆ ಬಗ್ಗಿ ಕಳೆ ಕಿತ್ತಿರುತ್ತಾರೆ. ಒಂದು ಬೆಳೆ ಹೋದರೆ ತಡೆದುಕೊಳ್ಳುತ್ತಾರೆ. ಎರಡನೆಯದೂ ಹೋದರೆ ಮೂರನೆಯ ಸಲ ಬರುವುದಿಲ್ಲ. ಅಂಥವರ ಶ್ರಮ ಮಣ್ಣುಪಾಲಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಇಂಥ ತೋಟವೊಂದರಲ್ಲಿ ಕೈಕೆಸರು ಮಾಡಿಕೊಂಡು ನಾನು ಕಲಿತದ್ದು ಇಷ್ಟು: ರೋಗ ಯಾವುದು ಎಂದು ಕೇಳುವ ಮೊದಲು, ಅದು ತೋಟದ ಯಾವ ಜಾಗದಲ್ಲಿದೆ ಎಂದು ನೋಡಬೇಕು. ಜಾಗ ಗೊತ್ತಾದರೆ ಅರ್ಧ ಕಾರಣ ಸಿಕ್ಕ ಹಾಗೆ.

ಮೊದಲು ಒಂದು ಹಾಳೆ, ಒಂದು ಕೆಂಪು ಪೆನ್ನು

ತೋಟದ ನಕ್ಷೆ ಬರೆಯಿರಿ. ಚೆನ್ನಾಗಿ ಬರಬೇಕೆಂದಿಲ್ಲ. ಪಾತಿಗಳು, ಗೋಡೆ, ನಲ್ಲಿ, ಗೇಟು, ಕಾಲುದಾರಿ, ಮರ, ತಗ್ಗಿರುವ ಕಡೆ ಗೊತ್ತಾದರೆ ಸಾಕು. ಸೊರಗಿದ ಗಿಡ ಇರುವಲ್ಲೆಲ್ಲ ಕೆಂಪು ಚುಕ್ಕೆ ಹಾಕಿ. ಯಾವ ಬೆಳೆ ಎಂದು ಪಕ್ಕದಲ್ಲಿ ಬರೆಯಿರಿ. ಆಮೇಲೆ ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ.

ಚುಕ್ಕೆಗಳು ಗೋಡೆಯ ಉದ್ದಕ್ಕೂ ಸಾಲಾಗಿದ್ದರೆ ಮಣ್ಣಿನಲ್ಲಿ ಕಟ್ಟಡದ ಕಸ ಇದೆಯೇ, ನೆರಳು ಬೀಳುತ್ತದೆಯೇ ನೋಡಬೇಕು. ನಲ್ಲಿಯಿಂದ ದೂರ ಹೋದಂತೆ ಚುಕ್ಕೆ ಜಾಸ್ತಿಯಾದರೆ ನೀರು. ತಗ್ಗಿನಲ್ಲಿ ಗುಂಪಾಗಿದ್ದರೆ ನೀರು ಇಂಗುತ್ತಿಲ್ಲ. ಎಲ್ಲ ಪಾತಿಗಳಲ್ಲೂ ಒಂದೇ ಬೆಳೆ ಕೆಟ್ಟಿದ್ದರೆ ಆ ಬೆಳೆಯ ಕೀಟ ಅಥವಾ ರೋಗ. ಕಾಲುದಾರಿಯ ಅಂಚಿನಲ್ಲಿ ಮಾತ್ರ ಇದ್ದರೆ ಯಾರೋ ದಾರಿಗೆ ಕಳೆನಾಶಕ ಹೊಡೆದಿರಬಹುದು. ಎಲ್ಲ ಬೆಳೆಯೂ ಎಲ್ಲ ಕಡೆಯೂ ಒಂದೇ ವಾರದಲ್ಲಿ ಕೆಟ್ಟರೆ ಹೊರಗಿನಿಂದ ಏನೋ ಬಂದಿದೆ: ಹೊಸ ಗೊಬ್ಬರ, ಹೊಸ ಮಣ್ಣು, ಬೇರೆ ನೀರು. ಇನ್ನೊಂದು ಚಿತ್ರವಿದೆ. ಒಂದು ಪಾತಿ ಹಸಿರಾಗಿರುತ್ತದೆ, ಪಕ್ಕದ ಪಾತಿ ಒಣಗಿರುತ್ತದೆ, ನಡುವೆ ಗೆರೆ ಕೊರೆದ ಹಾಗೆ. ಗಿಡದ ರೋಗ ಹಲಗೆಯ ಗಡಿ ನೋಡಿ ನಿಲ್ಲುವುದು ಅಪರೂಪ. ಅಲ್ಲಿ ಆ ಪಾತಿಯ ಮನೆಯವರನ್ನು ಮಾತಾಡಿಸಬೇಕು.

ಗಿಡದ ಮೇಲೂ ಹೀಗೆಯೇ ಜಾಗ ನೋಡಿ. ಹಳದಿ ಕೆಳಗಿನ ಹಳೆಯ ಎಲೆಯಿಂದ ಶುರುವಾಗಿ ಇಡೀ ಎಲೆಗೆ ಹರಡಿದರೆ ಸಾರಜನಕ ಸಾಲದು. ತುದಿಯ ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಸಿಗುತ್ತಿಲ್ಲ. ಅಂಚು ಸುಟ್ಟ ಹಾಗೆ ಕಂದಾದರೆ ಉಪ್ಪು ಅಥವಾ ನೀರಿನ ಕೊರತೆ. ಈ ವ್ಯತ್ಯಾಸ ಏಕೆ ಗೊತ್ತಾ? ಸಾರಜನಕವನ್ನು ಗಿಡ ಹಳೆಯ ಎಲೆಯಿಂದ ಹೀರಿ ಹೊಸ ಚಿಗುರಿಗೆ ಕಳಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಅದಕ್ಕೇ ಒಂದರಲ್ಲಿ ಮುದಿ ಎಲೆ ಸಾಯುತ್ತದೆ, ಇನ್ನೊಂದರಲ್ಲಿ ಎಳೆ ಎಲೆ ಬಿಳಚಿಕೊಳ್ಳುತ್ತದೆ.

ನೀರು: ಬೆರಳು, ಲೋಟ ಮತ್ತು ಬೀಗದ ಕೈ

ನೀರನ್ನು ಮೊದಲು ಪರೀಕ್ಷೆ ಮಾಡಿ, ಯಾಕೆಂದರೆ ಅದಕ್ಕೆ ಐದು ನಿಮಿಷ ಸಾಕು. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ಮೇಲೆ ಒದ್ದೆ, ಒಳಗೆ ಪುಡಿಪುಡಿ ಒಣ ಇದ್ದರೆ ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುತ್ತಿದ್ದಾರೆ ಎಂದರ್ಥ. ಬೇರು ಮೇಲೆಯೇ ಉಳಿದು ಮಧ್ಯಾಹ್ನದ ಬಿಸಿಲಿಗೆ ಬಾಡುತ್ತದೆ. ಒಳಗೂ ಒದ್ದೆ ಇದ್ದು ಗಿಡ ಬಾಡಿದ್ದರೆ ನೀರು ಜಾಸ್ತಿಯಾಗಿ ಬೇರು ಉಸಿರುಗಟ್ಟಿದೆ, ಇಲ್ಲವೇ ಬೇರಿಗೆ ರೋಗ ಬಂದಿದೆ. ಆಗ ಇನ್ನೊಂದು ಬಕೆಟ್ ಸುರಿದರೆ ಗಿಡ ಪೂರ್ತಿ ಹೋಗುತ್ತದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಲೀಟರ್ ನೀರು ಸುರಿದರೆ ಅದು 1 ಮಿಲಿಮೀಟರ್ ಮಳೆಗೆ ಸಮ. ತರಕಾರಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ಬೇಕು, ಅಂದರೆ ಚದರ ಮೀಟರಿಗೆ 25 ಲೀಟರ್. ಬಿರುಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನಿಮ್ಮ ಪಾತಿಯನ್ನು ಅಳೆದು, ಎಷ್ಟು ಬಕೆಟ್ ಹೋಗುತ್ತಿದೆ ಎಂದು ಒಮ್ಮೆ ಎಣಿಸಿ ನೋಡಿ. ನಾವು ಎಣಿಸಿದಾಗ ಬೇಕಾದದ್ದರ ಅರ್ಧ ಕೂಡ ಹೋಗುತ್ತಿರಲಿಲ್ಲ. ಎಲ್ಲರೂ "ದಿನಾ ನೀರು ಹಾಕ್ತೀವಲ್ಲ" ಅನ್ನುತ್ತಿದ್ದರು, ಅದು ನಿಜವೂ ಆಗಿತ್ತು.

ಹನಿ ನೀರಾವರಿ ಪೈಪ್ ಇದ್ದರೆ ಒಂದೇ ಥರದ ಲೋಟಗಳನ್ನು ಸಾಲಿನ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಇಟ್ಟು 15 ನಿಮಿಷ ನೀರು ಬಿಡಿ. ಕೊನೆಯ ಲೋಟದಲ್ಲಿ ನೀರು ತೀರಾ ಕಡಿಮೆ ಬಂದರೆ ಒತ್ತಡ ಸಾಲುತ್ತಿಲ್ಲ. ಅಲ್ಲಲ್ಲಿ ಒಂದೊಂದು ಲೋಟ ಮಾತ್ರ ಖಾಲಿಯಾಗಿದ್ದರೆ ರಂಧ್ರ ಕಟ್ಟಿಕೊಂಡಿದೆ. ಮೊದಲು ಫಿಲ್ಟರ್ ತೊಳೆಯಿರಿ, ಆಮೇಲೆ ಪೈಪಿನ ಕೊನೆಯ ಮುಚ್ಚಳ ಬಿಚ್ಚಿ ನೀರು ಹರಿಯಬಿಡಿ. ಕೆಂಚು ನೀರು ಬರುತ್ತದೆ, ತಿಳಿಯಾಗುವವರೆಗೆ ಬಿಡಿ. ತಾರಸಿಯ ಟ್ಯಾಂಕಿನಿಂದ ನೀರು ಬರುವ ಕಡೆ ಎತ್ತರವನ್ನೂ ಲೆಕ್ಕ ಹಾಕಬೇಕು. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ನೆಲದ ತೋಟಕ್ಕೆ ಅದು ಸಾಕು. ಆದರೆ ಅದೇ ಟ್ಯಾಂಕಿನ ಪಕ್ಕ, ತಾರಸಿಯ ಮೇಲೆಯೇ ಇರುವ ಕುಂಡಗಳಿಗೆ ಒತ್ತಡವೇ ಇರುವುದಿಲ್ಲ.

ನೀರಿನ ದೋಷ ಯಾವಾಗಲೂ ಪೈಪಿನಲ್ಲೇ ಇರುವುದಿಲ್ಲ. ನಮ್ಮಲ್ಲಿ 9ರಿಂದ 12ರವರೆಗಿನ ಪಾತಿಗಳ ಟೊಮೇಟೊ ಆಗಾಗ ಇದ್ದಕ್ಕಿದ್ದಂತೆ ಬಾಡುತ್ತಿತ್ತು. ಒಂದೆರಡು ದಿನ ತಲೆ ಬಾಗಿಸಿಕೊಂಡು ನಿಲ್ಲುತ್ತಿತ್ತು, ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಕಾಯಿ ಕಚ್ಚುವ ಹೊತ್ತಿಗೆ ಹೂವೆಲ್ಲ ಉದುರುತ್ತಿತ್ತು. ಸೊರಗು ರೋಗ ಎಂದು ಗಾಬರಿಯಾದೆವು. ಅದಕ್ಕೊಂದು ಸರಳ ಪರೀಕ್ಷೆ ಇದೆ. ಬಾಡಿದ ಗಿಡದ ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ, ಆ ತುಂಡನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಹಿಡಿಯಬೇಕು. ಬ್ಯಾಕ್ಟೀರಿಯಾದ ಸೊರಗು ರೋಗ ಇದ್ದರೆ ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ನೂಲಿನಂಥದ್ದು ಕೆಳಗೆ ಇಳಿಯುತ್ತದೆ. ನಾವು ಕಾಲು ಗಂಟೆ ಲೋಟ ಹಿಡಿದು ಕಾದೆವು. ನೀರು ತಿಳಿಯಾಗಿಯೇ ಇತ್ತು. ರೋಗ ಅಲ್ಲ.

ಆಮೇಲೆ ನಕ್ಷೆಯ ಪಕ್ಕದಲ್ಲಿ ತಾರೀಖು ಬರೆಯಲು ಶುರು ಮಾಡಿದೆವು. ಬಾಡುವುದು ಮೂರು ವಾರಕ್ಕೊಮ್ಮೆ! ಯಾವ ರೋಗವೂ ಹೀಗೆ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ, ಅಲ್ವಾ? ಆ ಕಡೆಯ ನಲ್ಲಿಗೆ ಬೀಗ ಇತ್ತು. ಬೀಗದ ಕೈ ಒಬ್ಬ ಅಕ್ಕನ ಹತ್ತಿರ ಇರುತ್ತಿತ್ತು. ಅವರಿಗೆ ಮೂರು ವಾರಕ್ಕೊಮ್ಮೆ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದವರನ್ನು ಎಬ್ಬಿಸಲು ಅಕ್ಕಪಕ್ಕದವರಿಗೆ ಮನಸ್ಸು ಬರುತ್ತಿರಲಿಲ್ಲ. ಆ ಸಂಕೋಚವನ್ನು ಯಾರೂ ಬಾಯಿ ಬಿಟ್ಟು ಹೇಳಿರಲೂ ಇಲ್ಲ. ವಿಷಯ ತಿಳಿದಾಗ ಅವರು, "ಅಯ್ಯೋ, ಕಿಟಕಿ ಬಡಿದಿದ್ದರೆ ಎಸೀತಿದ್ನಲ್ಲ" ಎಂದು ಬೇಜಾರು ಮಾಡಿಕೊಂಡರು. ಇನ್ನೆರಡು ಬೀಗದ ಕೈ ಮಾಡಿಸಿದೆವು. ಆಮೇಲೆ ಆ ಪಾತಿಗಳು ಬಾಡಲಿಲ್ಲ.

ಹಾಗಾಗಿ ನೀರಿನ ಪರೀಕ್ಷೆಯಲ್ಲಿ ಇದೂ ಇರಲಿ: ನಲ್ಲಿ ಯಾರ ಕೈಯಲ್ಲಿದೆ, ಅವರು ಊರಿಗೆ ಹೋದಾಗ ಯಾರು ಬಿಡುತ್ತಾರೆ, ನೀರು ಬರುವ ಹೊತ್ತಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ.

ಬಿಸಿಲು

ಇದನ್ನು ಊಹೆಯಲ್ಲಿ ಹೇಳಬೇಡಿ. ಒಂದು ಬಿಸಿಲಿನ ದಿನ ಗಂಟೆಗೊಮ್ಮೆ ಯಾರಾದರೂ ಹೋಗಿ ಯಾವ ಪಾತಿಗೆ ನೇರ ಬಿಸಿಲು ಬಿದ್ದಿದೆ ಎಂದು ಗುರುತು ಮಾಡಲಿ. ರಜೆಯಲ್ಲಿರುವ ಮಕ್ಕಳು ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ಟೊಮೇಟೊ, ಮೆಣಸಿನಕಾಯಿ, ಬದನೆಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಸೊಪ್ಪು 3ರಿಂದ 4 ಗಂಟೆಯಲ್ಲೂ ಬರುತ್ತದೆ. ಗಿಡ ಎತ್ತರವಾಗಿ, ಗೆಣ್ಣಿನ ನಡುವಿನ ಅಂತರ ಉದ್ದವಾಗಿ, ಒಂದೇ ಕಡೆಗೆ ವಾಲಿದ್ದರೆ ಅದು ಬೆಳಕಿಗೆ ಹಸಿದಿದೆ. ಅದಕ್ಕೆ ಗೊಬ್ಬರ ಕೊಟ್ಟರೆ ಇನ್ನಷ್ಟು ಉದ್ದವಾಗಿ ಬಿದ್ದೇ ಹೋಗುತ್ತದೆ.

ಕಟ್ಟಡದ ನೆರಳು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 12 ಮೀಟರ್ ಎತ್ತರದ ಬ್ಲಾಕ್‌ನ ನೆರಳು, ಸೂರ್ಯ 45 ಡಿಗ್ರಿ ಮೇಲಿರುವಾಗ 12 ಮೀಟರ್ ಬೀಳುತ್ತದೆ. ಸೂರ್ಯ 30 ಡಿಗ್ರಿಗೆ ಇಳಿದರೆ ಅದೇ ನೆರಳು ಸುಮಾರು 21 ಮೀಟರ್. ಹೋದ ಬೆಳೆ ಚೆನ್ನಾಗಿ ಬಂದಿತ್ತು, ಈ ಸಲ ಅದೇ ಪಾತಿ ಅದೇ ಬೀಜ ಬರಲಿಲ್ಲ ಅನ್ನುವವರು ಇದನ್ನು ನೋಡಲಿ. ಇಲ್ಲಿ ರಿಪೇರಿ ಮಾಡುವಂಥದ್ದು ಏನೂ ಇಲ್ಲ. ಆ ಪಾತಿಯಲ್ಲಿ ಆ ತಿಂಗಳುಗಳಲ್ಲಿ ಸೊಪ್ಪು ಹಾಕಿ.

ಮಣ್ಣು: ಗೋಡೆಯ ಪಕ್ಕದ ಪಾತಿಯ ಕತೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಈ ಥರದ ಜಾಗಗಳಲ್ಲಿ ನಾನು ನೋಡಿದ ಹೆಚ್ಚಿನ ತೊಂದರೆಗಳ ಬೇರು ಮಣ್ಣಿನಲ್ಲೇ ಇತ್ತು. ಅದನ್ನು ಕಂಡುಹಿಡಿಯಲು ನಮಗೆ ಎರಡು ಬೆಳೆ ಹಿಡಿಯಿತು, ನಿಮಗೆ ಒಂದು ಮಧ್ಯಾಹ್ನ ಸಾಕಾಗಲಿ.

ಹಿಂದಿನ ಗೋಡೆಯ ಉದ್ದಕ್ಕೂ ನಮ್ಮದೊಂದು ಉದ್ದನೆಯ ಪಾತಿ. ಬೀನ್ಸ್ ಮೊಳೆಯುತ್ತಿತ್ತು, ಗೇಣುದ್ದ ಬರುತ್ತಿತ್ತು, ಆಮೇಲೆ ತುದಿ ಎಲೆಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು. ನರ ಮಾತ್ರ ಹಸಿರು. ಗೊಬ್ಬರ ಸಾಲದು ಎಂದುಕೊಂಡು ಎರಡು ಸಲ ಕಾಂಪೋಸ್ಟ್ ಹಾಕಿದೆವು. ಬದಲಾಗಲಿಲ್ಲ. ಬೀಜ ಬದಲಿಸಿದೆವು. ಅದೂ ಆಗಲಿಲ್ಲ. ಕೊನೆಗೆ ಹಿರಿಯರೊಬ್ಬರು, "ಮೇಲಿಂದ ಎಷ್ಟು ಸುರೀತೀರಪ್ಪ, ಕೆಳಗೆ ಏನಿದೆ ಒಂದ್ಸಲ ಅಗೆದು ನೋಡಿ" ಅಂದರು.

ಗುದ್ದಲಿ ಒಂದು ಗೇಣು ಇಳಿದು ಠಣ್ ಎಂದಿತು. ಗಾರೆಯ ಉಂಡೆಗಳು, ಟೈಲ್ಸ್ ಚೂರು, ಅರ್ಧ ಇಟ್ಟಿಗೆ, ಒಂದು ತುಂಡು ತಂತಿ. ಮಣ್ಣು ಬೂದಿಯ ಬಣ್ಣಕ್ಕಿತ್ತು, ಕೈಗೆ ಅಂಟುತ್ತಿರಲಿಲ್ಲ. ಒಂದು ಹಿಡಿ ಒಣ ಮಣ್ಣನ್ನು ತಟ್ಟೆಗೆ ಹಾಕಿ ಮೇಲೆ ಎರಡು ಚಮಚ ವಿನಿಗರ್ ಸುರಿದೆವು. ಸೋಡಾ ಬಾಟಲಿ ತೆರೆದ ಹಾಗೆ ಸುಂಯ್ ಎಂದು ಸಣ್ಣ ಸಣ್ಣ ಗುಳ್ಳೆ ಎದ್ದವು. ಹತ್ತಿರ ಕಿವಿ ಇಟ್ಟರೆ ಸದ್ದೂ ಕೇಳುತ್ತಿತ್ತು. ಪಕ್ಕದ ಪಾತಿಯ ಮಣ್ಣಿಗೂ ಹಾಕಿದೆವು. ಅದು ಸುಮ್ನೆ ಒದ್ದೆಯಾಯಿತು, ಅಷ್ಟೆ.

ಗುಳ್ಳೆ ಎದ್ದರೆ ಮಣ್ಣಿನಲ್ಲಿ ಸುಣ್ಣದ ಅಂಶ ಬಿಡಿಯಾಗಿ ಉಳಿದಿದೆ ಎಂದರ್ಥ. ಸಿಮೆಂಟ್ ಮತ್ತು ಹಳೆಯ ಗಾರೆಯಿಂದ ಬಂದದ್ದು. ಅದು ಮಣ್ಣಿನ ಹುಳಿ-ಕ್ಷಾರ ಹೇಳುವ ಪಿಎಚ್ ಅಂಕಿಯನ್ನು (7 ಸಮ, ಮೇಲೆ ಹೋದಷ್ಟೂ ಕ್ಷಾರ) 8ರ ಆಚೆಗೆ ತಳ್ಳುತ್ತದೆ. ಹೆಚ್ಚಿನ ತರಕಾರಿಗೆ 6ರಿಂದ 7 ಹಿತ. 8ರಲ್ಲಿ ಕಬ್ಬಿಣ, ಮ್ಯಾಂಗನೀಸ್, ಸತು, ರಂಜಕ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಊಟ ಬಡಿಸಿದೆ, ಬಾಯಿ ಕಟ್ಟಿದೆ, ಅಂಥ ಸ್ಥಿತಿ. ಅದಕ್ಕೇ ಕಾಂಪೋಸ್ಟ್ ಎಷ್ಟು ಹಾಕಿದರೂ ಹಳದಿ ಹೋಗಲಿಲ್ಲ. ಎರಡು ಮಾತು ನೆನಪಿರಲಿ. ಕೆಲವು ಕಡೆ ನೆಲದ ಮಣ್ಣೇ ಸುಣ್ಣದ್ದಾಗಿರುತ್ತದೆ, ಅಲ್ಲಿ ತೋಟದ ಎಲ್ಲ ಕಡೆ ಗುಳ್ಳೆ ಬರುತ್ತದೆ. ಜಿಪ್ಸಮ್ ಗಿಲಾವು ಬಿದ್ದಿದ್ದರೆ ಗುಳ್ಳೆ ಬರುವುದಿಲ್ಲ, ಹಾಗಾಗಿ ಗುಳ್ಳೆ ಇಲ್ಲದಿದ್ದರೂ ಅಗೆದು ಕಣ್ಣಲ್ಲಿ ನೋಡಬೇಕು.

ಕಬ್ಬಿಣವೇ ಕಾರಣ ಎಂದು ಖಚಿತ ಮಾಡಿಕೊಳ್ಳಬೇಕೇ? 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಒಂದೇ ಒಂದು ರೆಂಬೆಯ ಎಲೆಗಳಿಗೆ ಸಂಜೆ ಹೊತ್ತು ಸವರಿ, ದಾರ ಕಟ್ಟಿ ಗುರುತಿಡಿ. ಒಂದು ವಾರದಲ್ಲಿ ಆ ರೆಂಬೆ ಮಾತ್ರ ಹಸಿರಾದರೆ ಉತ್ತರ ಸಿಕ್ಕಿತು. ನಮ್ಮ ಬೀನ್ಸ್ ಎಲೆಗಳ ಮೇಲೆ ಬ್ರಷ್ ತಾಗಿದ ಕಡೆ ಮಾತ್ರ ಹಸಿರು ಮಚ್ಚೆ ಎದ್ದಿತ್ತು. ಮಣ್ಣಿಗೇ ಹಾಕುವ ಕಬ್ಬಿಣ ಕೊಳ್ಳುವಾಗ ಪೊಟ್ಟಣ ನೋಡಿ. ಕಬ್ಬಿಣವನ್ನು ಬೇರಿಗೆ ಸಿಗುವ ಹಾಗೆ ಹಿಡಿದಿಡುವ ವಸ್ತುವಿನ ಹೆಸರು ಅದರ ಮೇಲಿರುತ್ತದೆ. ಇಡಿಟಿಎ ಎಂದಿದ್ದರೆ ಸುಣ್ಣದ ಮಣ್ಣಿನಲ್ಲಿ ಕೆಲಸ ಮಾಡದು. ಇಡಿಡಿಎಚ್‌ಎ ಎಂದಿರುವುದು ಅಂಥ ಮಣ್ಣಿನಲ್ಲೂ ನಿಲ್ಲುತ್ತದೆ, ಆದರೆ ಬೆಲೆ ಜಾಸ್ತಿ.

ಗಂಧಕ ಹಾಕಿ ಪಿಎಚ್ ಇಳಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಲೆಕ್ಕ ಹಾಕದೆ ಅದಕ್ಕೆ ಹಣ ಸುರಿಯಬೇಡಿ. ಒಂದು ಚದರ ಮೀಟರ್ ಪಾತಿಯಲ್ಲಿ 20 ಸೆಂಟಿಮೀಟರ್ ಆಳಕ್ಕೆ 250ರಿಂದ 300 ಕೆಜಿ ಮಣ್ಣಿರುತ್ತದೆ. ಅದರಲ್ಲಿ ಶೇಕಡ 1 ಸುಣ್ಣ ಇದ್ದರೂ ಎರಡೂವರೆಯಿಂದ ಮೂರು ಕೆಜಿ ಆಯಿತು. ಅಷ್ಟನ್ನು ಕರಗಿಸಲು ಚದರ ಮೀಟರಿಗೆ ಸುಮಾರು 800 ಗ್ರಾಂನಿಂದ 1 ಕೆಜಿ ಗಂಧಕ ಬೇಕು. ಗಂಧಕವನ್ನು ಆಮ್ಲ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ, ಅದಕ್ಕೆ ತಿಂಗಳುಗಳು ಬೇಕು. ಅಷ್ಟರಲ್ಲಿ ಒಂದು ಗಾರೆಯ ಉಂಡೆ ಕರಗಿ ಮತ್ತೆ ಸುಣ್ಣ ಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಗುಳ್ಳೆ ಏಳುವ ಪಾತಿಗೆ ಇರುವ ಸರಿಯಾದ ದಾರಿ ಎಂದರೆ ಚೂರುಗಳನ್ನು ಆರಿಸಿ ತೆಗೆದು, ಮೇಲೆ ಹಲಗೆ ಕಟ್ಟಿ 30 ಸೆಂಟಿಮೀಟರ್ ಹೊಸ ಮಣ್ಣು ತುಂಬುವುದು. ನಾವು ಹಾಗೇ ಮಾಡಿದೆವು. ಗುಳ್ಳೆ ಬಾರದಿದ್ದರೆ, ಪಿಎಚ್ ಸ್ವಲ್ಪ ಮಾತ್ರ ಜಾಸ್ತಿ ಇದ್ದರೆ ಗಂಧಕ ಖಂಡಿತ ಉಪಯೋಗಕ್ಕೆ ಬರುತ್ತದೆ.

ಅಗೆದ ಗುಂಡಿಯನ್ನು ಮುಚ್ಚುವ ಮೊದಲು ಇನ್ನೊಂದು ಪರೀಕ್ಷೆ ಮಾಡಿಬಿಡಿ. ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ, ಈ ಸಲ ಒಂದು ಕಡ್ಡಿ ಚುಚ್ಚಿ ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. ಗಂಟೆಗೆ 2.5ರಿಂದ 5 ಸೆಂಟಿಮೀಟರ್ ಇಳಿದರೆ ಒಳ್ಳೆಯದು. ಅದಕ್ಕಿಂತ ತೀರಾ ನಿಧಾನವಾದರೆ ಕಟ್ಟಡ ಕಟ್ಟುವಾಗ ಭಾರದ ಯಂತ್ರಗಳು ಓಡಾಡಿ ನೆಲ ಗಟ್ಟಿಯಾಗಿರುತ್ತದೆ. ಮಣ್ಣು ಹದವಾಗಿರುವಾಗ ಹಾರೆಯಿಂದ ಸಡಿಲ ಮಾಡಿ. ಒದ್ದೆ ಇರುವಾಗ ಮುಟ್ಟಬೇಡಿ, ಇನ್ನೂ ಗಟ್ಟಿಯಾಗುತ್ತದೆ. ಆಮೇಲೆ ಪಾತಿಯ ಮೇಲೆ ಯಾರೂ ಕಾಲಿಡದಂತೆ ನೋಡಿಕೊಳ್ಳಿ. 1.2 ಮೀಟರಿಗಿಂತ ಅಗಲದ ಪಾತಿಯನ್ನು ತುಳಿಯದೆ ಕೆಲಸ ಮಾಡಲು ಆಗುವುದಿಲ್ಲ, ಯಾಕೆಂದರೆ ಕೈ ಎಟುಕುವುದು ಒಂದು ಕಡೆಯಿಂದ 60 ಸೆಂಟಿಮೀಟರ್ ಮಾತ್ರ. ಗೋಡೆಗೆ ತಾಗಿದ ಪಾತಿಯಾದರೆ 60ಕ್ಕೇ ನಿಲ್ಲಿಸಿ.

ಎಲ್ಲ ಕಡೆ ಒಟ್ಟಿಗೆ ಕೆಟ್ಟರೆ: ಗೊಬ್ಬರವನ್ನು ಕೇಳಿ

ಪುಕ್ಕಟೆ ಸಿಕ್ಕ ಗೊಬ್ಬರದ ಲಾರಿ ಬಂದ ಎರಡು ಮೂರು ವಾರಕ್ಕೆ ತೋಟವೆಲ್ಲ ಕೆಟ್ಟರೆ ಮೂರು ಸಾಧ್ಯತೆಗಳಿವೆ.

ಗೊಬ್ಬರ ಪೂರ್ತಿ ಕೊಳೆತಿಲ್ಲದಿರಬಹುದು. ಮರದ ಹೊಟ್ಟು, ಒಣ ಎಲೆ ಜಾಸ್ತಿ ಇದ್ದರೆ ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತವೆ. ಹಳೆಯ ಎಲೆಯಿಂದ ಹಳದಿ ಶುರುವಾಗುತ್ತದೆ. ಗೊಬ್ಬರವನ್ನು ಒದ್ದೆ ಮಾಡಿ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಗಿದೆ. ಹುಳಿ ನಾತ, ಕೊಳೆತ ನಾತ ಬಂದರೆ ಇನ್ನೂ ಆಗಿಲ್ಲ. ರಾಶಿ ಹಾಕಿ, ಇನ್ನಷ್ಟು ದಿನ ತಿರುವಿ ಹಾಕಿ.

ಎರಡನೆಯದು ಉಪ್ಪು. ಮಣ್ಣಿನ ಮೇಲೆ ಬಿಳಿ ಪೊರೆ, ಎಲೆಯಂಚು ಸುಟ್ಟಿರುವುದು ಇದರ ಗುರುತು. ಹಸಿ ಸಗಣಿ, ಕೋಳಿ ಗೊಬ್ಬರ ಅತಿಯಾದರೆ, ಸೋಪಿನ ನೀರನ್ನು ದಿನಾ ಹಾಕಿದರೆ ಹೀಗಾಗುತ್ತದೆ. ನೀರು ಇಂಗುವ ಪಾತಿಯಾದರೆ ಚದರ ಮೀಟರಿಗೆ 150 ಲೀಟರ್ ನೀರನ್ನು ನಿಧಾನವಾಗಿ ಹರಿಸಿದರೆ ಹೆಚ್ಚುಕಡಿಮೆ ಅರ್ಧ ಉಪ್ಪು ಕೆಳಗೆ ಇಳಿಯುತ್ತದೆ. ನೀರಿಗೆ ತತ್ವಾರ ಇರುವ ಕಡೆ ಮಳೆಗಾಲದವರೆಗೆ ಆ ಪಾತಿಯನ್ನು ಬಿಡುವುದೇ ಮೇಲು.

ಮೂರನೆಯದು ಕಳೆನಾಶಕ. ಇದನ್ನು ತುಂಬಾ ಜನ ವೈರಸ್ ಎಂದು ತಪ್ಪು ತಿಳಿಯುತ್ತಾರೆ. ಟೊಮೇಟೊ, ಬೀನ್ಸ್ ಎಲೆ ಬಟ್ಟಲಿನಂತೆ ಮುದುಡುತ್ತದೆ, ಜರೀಗಿಡದ ಚಿಗುರಿನ ಹಾಗೆ ಸುರುಳಿ ಸುತ್ತುತ್ತದೆ. ಜೋಳದಂಥ ಹುಲ್ಲಿನ ಜಾತಿಗೆ ಮಾತ್ರ ಏನೂ ಆಗಿರುವುದಿಲ್ಲ. ಅಮಿನೊಪೈರಾಲಿಡ್, ಕ್ಲೋಪೈರಾಲಿಡ್ ಎಂಬ ಕಳೆನಾಶಕಗಳನ್ನು ಹುಲ್ಲುಗಾವಲಿಗೆ ಹೊಡೆದಿದ್ದರೆ, ಆ ಹುಲ್ಲು ದನದ ಹೊಟ್ಟೆ ದಾಟಿ, ಸಗಣಿಯಾಗಿ, ಕಾಂಪೋಸ್ಟ್ ಆದ ಮೇಲೂ ಅವು ಸಾಯುವುದಿಲ್ಲ. 2008ರಲ್ಲಿ ಬ್ರಿಟನ್ನಿನ ಎಷ್ಟೋ ಸಮುದಾಯ ತೋಟಗಳು ಅಮಿನೊಪೈರಾಲಿಡ್‌ನಿಂದ ಹೀಗೇ ಹಾಳಾಗಿ, ಆ ವರ್ಷ ಅದರ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಹಾಗಾಗಿ ಹೊರಗಿನ ಗೊಬ್ಬರವನ್ನು ಪಾತಿಗೆ ಹಾಕುವ ಮೊದಲೇ ಬೀನ್ಸ್ ಪರೀಕ್ಷೆ ಮಾಡಿ. ಮೂರು ಕುಂಡಗಳಲ್ಲಿ ಹೊಸ ಗೊಬ್ಬರ ಬೆರೆಸಿದ ಮಣ್ಣು, ಮೂರರಲ್ಲಿ ನಿಮಗೆ ನಂಬಿಕೆ ಇರುವ ಮಣ್ಣು. ಎಲ್ಲದರಲ್ಲೂ ಬೀನ್ಸ್ ಬೀಜ. ಮೂರು ಎಲೆ ಬರುವವರೆಗೆ, ಅಂದರೆ ಸುಮಾರು ಮೂರು ವಾರ ಕಾಯಿರಿ. ಕುಂಡದ ಕೆಳಗೆ ಬೇರೆ ಬೇರೆ ತಟ್ಟೆ ಇರಲಿ, ಒಂದರ ನೀರು ಇನ್ನೊಂದಕ್ಕೆ ಹರಿಯಬಾರದು. ಮೂರು ವಾರ ಕಾಯಲು ಎಲ್ಲರಿಗೂ ಬೇಜಾರೇ. ಆದರೆ ಒಂದು ಸಲ ಪಾತಿಗೆ ಬೆರೆತರೆ ಆ ವಿಷ ಹೋಗಲು ಒಂದು ವರ್ಷದ ಮೇಲೂ ಹಿಡಿಯಬಹುದು.

ಕಣ್ಣಿಗೆ ಕಾಣದ ದೋಷ

ಸೀಸ ಇರುವ ಮಣ್ಣಿನಲ್ಲಿ ಗಿಡ ಸೊಂಪಾಗಿಯೇ ಬೆಳೆಯುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗದು. ಮೇಲಿನ ಯಾವ ಪರೀಕ್ಷೆಯೂ ಇದನ್ನು ಹಿಡಿಯದು. ಹಳೆಯ ಬಣ್ಣ ಉದುರಿದ ಗೋಡೆ, ವಾಹನ ದಟ್ಟಣೆಯ ರಸ್ತೆ, ಹಿಂದೆ ಗ್ಯಾರೇಜ್ ಅಥವಾ ಬ್ಯಾಟರಿ ಕೆಲಸ ನಡೆದ ಜಾಗ, ಇಂಥ ಕಡೆ ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಸೀಸ ಬೆರೆಸಿದ ಪೆಟ್ರೋಲ್ ಜಗತ್ತಿನ ಕೊನೆಯ ಬಂಕಿನಲ್ಲಿ ನಿಂತದ್ದು 2021ರಲ್ಲಿ. ಅದು ಉಗುಳಿದ ಸೀಸ ಮಾತ್ರ ರಸ್ತೆ ಪಕ್ಕದ ಮಣ್ಣಿನಲ್ಲಿ ಹಾಗೇ ಇದೆ.

ಗೋಡೆ ಬುಡದ ಮಣ್ಣು, ನಡುವಿನ ಮಣ್ಣು, ಮಕ್ಕಳು ಆಡುವ ಕಡೆಯ ಮಣ್ಣು ಬೇರೆ ಬೇರೆ ಪೊಟ್ಟಣ ಮಾಡಿ. ಎಲ್ಲ ಬೆರೆಸಿದರೆ ಒಂದು ಕಡೆಯ ವಿಷ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಅಂಕಿ ಬಂದ ಮೇಲೆ ಹೋಲಿಸಲು ಒಂದು ಮಟ್ಟ ಬೇಕಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಗಳ ಸುತ್ತಲ ಮಣ್ಣಿಗೆ ಬಹಳ ವರ್ಷ 400 ಪಿಪಿಎಂ, ಅಂದರೆ ಒಂದು ಕೆಜಿ ಮಣ್ಣಿನಲ್ಲಿ 400 ಮಿಲಿಗ್ರಾಂ ಸೀಸ, ಎಂಬ ಎಚ್ಚರಿಕೆಯ ಮಟ್ಟ ಇಟ್ಟುಕೊಂಡಿತ್ತು. 2024ರ ಜನವರಿಯಲ್ಲಿ ಅದನ್ನು 200ಕ್ಕೆ ಇಳಿಸಿತು. ಮಕ್ಕಳ ಮಿದುಳಿಗೆ ಸೀಸದಿಂದ ಆಗುವ ಹಾನಿಯೇ ಇದರ ಕಾರಣ.

ಅಂಕಿ ಜಾಸ್ತಿ ಬಂದರೆ ತೋಟ ಮುಚ್ಚಬೇಕಿಲ್ಲ. ಅಪಾಯ ಹೆಚ್ಚಾಗಿ ಬರುವುದು ಬೇರಿನ ಮೂಲಕ ಕಾಯಿಗೆ ಏರುವ ಸೀಸದಿಂದಲ್ಲ. ಕೈ, ಉಗುರು, ಚಪ್ಪಲಿ, ಎಲೆಗೆ ಅಂಟಿದ ಧೂಳಿನಿಂದ. ಗಟ್ಟಿ ಬಟ್ಟೆ ಹಾಸಿ ಮೇಲೆ ಎತ್ತರದ ಪಾತಿ ಕಟ್ಟಿ, ಕಾಲುದಾರಿಗೆ ಮರದ ಚಕ್ಕೆ ಹಾಸಿ, ನಲ್ಲಿಯ ಹತ್ತಿರ ಸೋಪ್ ಇಡಿ. ಮೂಲಂಗಿ, ಕ್ಯಾರೆಟ್, ಸೊಪ್ಪನ್ನು ಹೊಸ ಮಣ್ಣಿನಲ್ಲಿ ಮಾತ್ರ ಬೆಳೆಯಿರಿ. ಪುಟ್ಟ ಮಕ್ಕಳು ಬರಿ ಮಣ್ಣಿನಲ್ಲಿ ಕೂರದ ಹಾಗೆ ನೋಡಿಕೊಳ್ಳಿ. ಫಲಿತಾಂಶವನ್ನು ಎಲ್ಲ ಮನೆಗಳಿಗೂ ತಿಳಿಸಿ. ಗಾಬರಿಯಾಗುತ್ತಾರೆ ಎಂದು ಮುಚ್ಚಿಡುವ ಹಕ್ಕು ಯಾವ ಸಮಿತಿಗೂ ಇಲ್ಲ.

ತಾರಸಿ ತೋಟ ಮಾಡುವವರಿಗೆ ಒಂದೇ ಮಾತು. ನೆಂದ ಮಣ್ಣು ಘನ ಮೀಟರಿಗೆ 1.6ರಿಂದ 2 ಟನ್ ತೂಗುತ್ತದೆ. 30 ಸೆಂಟಿಮೀಟರ್ ಆಳದ ಪಾತಿ ಎಂದರೆ ಚದರ ಮೀಟರಿಗೆ 480ರಿಂದ 600 ಕೆಜಿ ಭಾರ. ಕಟ್ಟಡದ ಇಂಜಿನಿಯರ್ ಬರಹದಲ್ಲಿ ಒಪ್ಪದೆ ಒಂದು ಬುಟ್ಟಿ ಮಣ್ಣನ್ನೂ ಮೇಲೆ ಸಾಗಿಸಬೇಡಿ.

ಪಾತಿಯ ಗಡಿಯಲ್ಲೇ ನಿಲ್ಲುವ ದೋಷ

ಈಗ ಗೆರೆ ಕೊರೆದ ಹಾಗೆ ಒಣಗಿದ ಪಾತಿ. ಕಳೆ ಮೊಣಕಾಲೆತ್ತರ ಬಂದಿದೆ, ಕಾಯಿ ಕೊಳೆತು ಬಿದ್ದಿದೆ, ಪಕ್ಕದವರು ಗೊಣಗುತ್ತಿದ್ದಾರೆ. ಸಾಮಾನ್ಯವಾಗಿ ಇಲ್ಲಿ ನೋಟಿಸ್ ಅಂಟಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಬಾಗಿಲು ತಟ್ಟಿ. ನಾನು ಹಾಗೆ ತಟ್ಟಿದ ಬಾಗಿಲುಗಳ ಹಿಂದೆ ಸೋಮಾರಿತನ ಕಂಡದ್ದು ಕಡಿಮೆ. ಕೆಲಸದ ಹೊತ್ತು ಬದಲಾಗಿತ್ತು. ಮನೆಯಲ್ಲಿ ಕಾಯಿಲೆ ಇತ್ತು. ಬಾಡಿಗೆ ಮನೆ ಬಿಡಬೇಕಾದೀತು ಎಂಬ ಭಯವಿತ್ತು, ಮುಂದಿನ ಬೆಳೆಗೆ ಇಲ್ಲಿರುತ್ತೇವೋ ಇಲ್ಲವೋ ಎಂದು ನಾಟಿಯನ್ನೇ ನಿಲ್ಲಿಸಿದ್ದರು. ಒಬ್ಬ ಅಜ್ಜಿ ಬರುವುದು ಬಿಟ್ಟಿದ್ದಕ್ಕೆ ಕಾರಣ ಮೊಣಕಾಲು. "ಕೂತ್ರೆ ಏಳಕ್ಕಾಗಲ್ಲ, ಎಲ್ಲರ ಮುಂದೆ ಎಬ್ಬಿಸಿ ಅನ್ನಕ್ಕೆ ನಾಚಿಕೆ" ಅಂದರು. 70 ಸೆಂಟಿಮೀಟರ್ ಎತ್ತರದ ಒಂದು ಪಾತಿ ಕಟ್ಟಿಕೊಟ್ಟೆವು. ಈಗ ಕುರ್ಚಿ ಹಾಕಿಕೊಂಡು ಕೂತೇ ಕಳೆ ತೆಗೆಯುತ್ತಾರೆ, ಪಕ್ಕದ ಪಾತಿಯದ್ದೂ.

ಬಾಗಿಲು ತಟ್ಟಿದ ಮೇಲೆ ನಿಯಮ ಇರಲಿ, ಮೊದಲೇ ಬರೆದಿಟ್ಟದ್ದಾಗಿರಲಿ. ಎರಡು ವಾರ ಪಾತಿ ಬಿಟ್ಟರೆ ವಿಚಾರಿಸುವುದು, ನಾಲ್ಕು ವಾರವಾದರೆ ಅವರ ಒಪ್ಪಿಗೆಯಿಂದ ಬೇರೆಯವರು ತಾತ್ಕಾಲಿಕವಾಗಿ ನೋಡಿಕೊಳ್ಳುವುದು, ಬೆಳೆ ಮುಗಿದ ಮೇಲೆ ಮಾತ್ರ ಪಾತಿಯನ್ನು ಬೇರೆಯವರಿಗೆ ಕೊಡುವುದು. ಸಭೆ ಯಾವಾಗಲೂ ಒಂದೇ ಹೊತ್ತಿಗೆ ಇದ್ದರೆ ಒಂದೇ ಪಾಳಿಯವರು ತೀರ್ಮಾನ ಮಾಡುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು ಇಡಿ.

ಕಾಯಿ ಕಳವಿನ ದೂರಿಗೂ ನಕ್ಷೆಯನ್ನೇ ತೆಗೆಯಿರಿ. ಗೇಟಿನ ಹತ್ತಿರದ ಪಾತಿಗಳಲ್ಲೇ ಹೋಗುತ್ತಿದ್ದರೆ ದಾರಿಹೋಕರು ಅದನ್ನು ಎಲ್ಲರದ್ದು ಎಂದುಕೊಂಡಿರಬಹುದು. ಸಮುದಾಯ ತೋಟ ಎಂದು ನಾವೇ ಬೋರ್ಡ್ ಹಾಕಿರುತ್ತೇವಲ್ಲ! ಗೇಟಿನ ಪಕ್ಕದ ಒಂದು ಪಾತಿಯನ್ನು ನಿಜವಾಗಿಯೂ ಎಲ್ಲರಿಗೂ ಬಿಟ್ಟು, "ಇಲ್ಲಿ ಬೇಕಾದವರು ಕೀಳಬಹುದು, ಉಳಿದ ಪಾತಿಗಳು ಒಂದೊಂದು ಮನೆಯವು" ಎಂದು ದೊಡ್ಡಕ್ಷರದಲ್ಲಿ, ಅಲ್ಲಿ ವಾಸಿಸುವವರು ಓದುವ ಎಲ್ಲ ಭಾಷೆಗಳಲ್ಲಿ ಬರೆಯಿರಿ. ನಮ್ಮಲ್ಲಿ ದೂರು ಬಹಳ ಕಡಿಮೆಯಾಯಿತು. ಕಾಯಿಯಲ್ಲಿ ಹಲ್ಲಿನ ಗುರುತಿದ್ದರೆ ಅದು ಇಲಿ ಅಥವಾ ಅಳಿಲು. ಮನುಷ್ಯರನ್ನು ಅನುಮಾನಿಸುವ ಮೊದಲು ಬಿದ್ದ ಕಾಯನ್ನು ತಿರುಗಿಸಿ ನೋಡಿ.

ಕಾಲುದಾರಿಯ ಅಂಚಿನ ಕಳೆನಾಶಕಕ್ಕೆ ಮದ್ದು ಒಂದು ಕಾಗದ. ಸಮುಚ್ಚಯದ ನಿರ್ವಹಣೆ ನೋಡಿಕೊಳ್ಳುವವರಿಗೆ ತೋಟದ ನಕ್ಷೆಯನ್ನು ಲಗತ್ತಿಸಿ, ಈ ಗಡಿಯೊಳಗೆ ಮತ್ತು ಇದರಿಂದ ಇಷ್ಟು ಮೀಟರ್ ದೂರ ಏನೂ ಹೊಡೆಯಬೇಡಿ, ಅಲ್ಲಿನ ಕಳೆ ನಾವೇ ತೆಗೆಯುತ್ತೇವೆ ಎಂದು ಬರೆದು ಕೊಡಿ. ಔಷಧ ಹೊಡೆಯುವ ಕೆಲಸಗಾರರ ಕೈಗೂ ಒಂದು ಪ್ರತಿ ಕೊಡಿ, ಅವರಿಗೆ ಯಾರೂ ಹೇಳಿರುವುದೇ ಇಲ್ಲ. ಅದೇ ಕಾಗದದಲ್ಲಿ, ಜಾಗವನ್ನು ಎಷ್ಟು ವರ್ಷಕ್ಕೆ ಬಿಟ್ಟಿದ್ದಾರೆ ಎಂದೂ ಬರೆಸಿಕೊಳ್ಳಿ. ನಾಳೆ ಪಾರ್ಕಿಂಗ್ ಆಗಬಹುದಾದ ಜಾಗಕ್ಕೆ ಯಾರೂ 30 ಸೆಂಟಿಮೀಟರ್ ಹೊಸ ಮಣ್ಣು ಹೊರುವುದಿಲ್ಲ.

ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಪಾತಿಯ ಅರ್ಧಕ್ಕೆ ಮಾತ್ರ. ಇನ್ನರ್ಧ ಹಾಗೇ ಇರಲಿ, ಹೋಲಿಸಲು ಬೇಕು. ಸಾರಜನಕ ಕೊಟ್ಟರೆ ವಾರ ಹತ್ತು ದಿನದಲ್ಲಿ ಹೊಸ ಎಲೆ ಹೇಳುತ್ತದೆ. ನೀರು ಸರಿ ಮಾಡಿದರೆ ಎರಡು ಮೂರು ದಿನ. ಗಂಧಕಕ್ಕೆ ಮುಂದಿನ ಬೆಳೆಯವರೆಗೆ ಕಾಯಬೇಕು. ಗೋಡೆಯ ಪಕ್ಕದ ಪಾತಿಯಲ್ಲಿ ನಾವು ಮೊದಲು ಒಂದು ತುದಿಗೆ ಮಾತ್ರ ಹಲಗೆ ಕಟ್ಟಿ ಮಣ್ಣು ತುಂಬಿದೆವು. ಒಂದೇ ದಿನ, ಒಂದೇ ಪೊಟ್ಟಣದ ಬೀನ್ಸ್ ಎರಡೂ ಕಡೆ ಬಿತ್ತಿದೆವು. ಆರನೆಯ ವಾರಕ್ಕೆ ಹಲಗೆಯ ಆಚೆ ಅದೇ ನಿಂಬೆಹಳದಿ, ಈಚೆ ಬಳ್ಳಿ ಗೋಡೆ ಹತ್ತಿತ್ತು. ಉಳಿದ ಮಣ್ಣು ಹೊರಲು ಆ ಭಾನುವಾರ ಕರೆಯದೆಯೇ ಹದಿನೇಳು ಜನ ಬಂದರು.